ಹಿರಿಯೂರಿಗೆ ಹೋದ ಗಾಳಿ

ಗಾಡಿಗಳ ಎಲೆಕ್ಟ್ರಿಕ್ ಕೆಲಸ ಮಾಡೋರಿಗೆ ನಗೋ ಪ್ರಸಂಗಗಳಿಗೆ ಬರ ಇಲ್ಲ. ಬೇಡ ಅಂದ್ರೂ ಅವು ಗಾಡಿ ಹತ್ತಿಕೊಂಡು ಬಾಗಿಲಿಗೇ ಬರ್ತವೆ. ಹೊಸದುರ್ಗದಲ್ಲಿ ನಾನು ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷ ಆಯ್ತು. ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆಲ್ಲ ದೊಡ್ಡ ದೊಡ್ಡ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗ್ತವೆ. ಅವುಗಳ ಬುಡದಲ್ಲಿ ಓಡಾಡೋ ಕಾರಿನೊಳಗಿನ ಫ್ಯಾನು ಮಾತ್ರ ತಿರುಗ್ತಿಲ್ಲ ಅಂತ ಜನ ನನ್ನ ಹತ್ರ ಬರ್ತಾರೆ.

ಈ ಫ್ಯಾನಿಗೆ ಹೀಟರ್ ಫ್ಯಾನು ಅಂತ ಹೆಸರು. ನಮ್ಮ ಬಿಸಿಲಿಗೆ ಹೀಟರ್ ಯಾವನಿಗೆ ಬೇಕು ಅಂತ ಕೇಳಬೇಡ್ರಿ. ಬಿಸಿ ಗಾಳಿಗೂ ತಂಪು ಗಾಳಿಗೂ ಅದೊಂದೇ ಫ್ಯಾನು, ಅದು ನಿಂತ್ರೆ ಎರಡೂ ಇಲ್ಲ. ಮುಂದಿನ ಎಡ ಸೀಟಿನಲ್ಲಿ ಕೂತೋರ ಕಾಲಿನ ಮುಂದೆ, ಡ್ಯಾಶ್‌ಬೋರ್ಡಿನ ಕೆಳಗೆ ಅದು ಅಡಗಿ ಕೂತಿರ್ತದೆ.

ಈ ಬೇಸಿಗೇಲಿ ನಡೆದದ್ದನ್ನಷ್ಟೇ ಹೇಳ್ತೀನಿ. ಆಗ ನನ್ನ ಹೆಂಡತಿ ಮನೇಲಿರಲಿಲ್ಲ. ಹಿರಿಯೂರಿನಲ್ಲಿ ನಮ್ಮತ್ತೆ ಜಾರಿ ಬಿದ್ದು ಕಾಲು ಮುರಕೊಂಡಿದ್ರು. 'ಎಂಟು ದಿನ ಇದ್ದು ಬರ್ತೀನಿ' ಅಂತ ಬಸ್ಸು ಹತ್ತಿದೋಳು ತಿಂಗಳಾದ್ರೂ ಬಂದಿರಲಿಲ್ಲ. ಮನೆ ಬಿಕೋ ಅಂತಿತ್ತು. ನಾನೇ ಸಾರು ಮಾಡಿ, ನಾನೇ ತಿಂದು, ನಾನೇ ಬೈಕೊಳ್ತಿದ್ದೆ. ಅವಳ ನೆನಪು ಬಹಳ ಆಗ್ತಿತ್ತು, ಅದನ್ನ ಮುಚ್ಚಿಟ್ಟು ಏನಾಗಬೇಕು. ಆದ್ರೆ ಫೋನಿನಲ್ಲಿ ಅವಳಿಗೆ ಹೇಳ್ತಿದ್ದದ್ದು ಅಂಗಡಿ ಸುದ್ದಿ ಮಾತ್ರ.

ಹಾಡಿನ ಫ್ಯೂಸು

ಶ್ರೀರಾಂಪುರದ ಕಡೆಯೋನೊಬ್ಬ, ಮದುವೆಗಳಿಗೆ ಕಾರು ಬಾಡಿಗೆಗೆ ಬಿಡೋನು. ಬಂದೋನೇ, "ಮೇಸ್ತ್ರಿ, ಫ್ಯಾನು ಸತ್ತೋಗೈತೆ, ಹೊಸದು ಹಾಕಿಬಿಡ್ರಿ" ಅಂದ.

ನಮ್ಮ ಕೆಲಸಕ್ಕೊಂದು ಕ್ರಮ ಐತೆ. ಮೊದಲು ಫ್ಯೂಸು, ಆಮೇಲೆ ಸ್ವಿಚ್ಚು, ವೈರು, ಕಟ್ಟಕಡೆಗೆ ಮೋಟ್ರು. ಫ್ಯೂಸಿನ ಡಬ್ಬಿ ತೆಗೆದು ನೋಡಿದ್ರೆ ಫ್ಯಾನಿನ ಜಾಗ ಖಾಲಿ.

"ಇಲ್ಲಿದ್ದ ಫ್ಯೂಸು ಎಲ್ಲಪ್ಪ?"

"ಹಾಡಿನ ಫ್ಯೂಸು ಸುಟ್ಟೋಗಿತ್ತು ಮೇಸ್ತ್ರಿ. ಮದುವೆ ಗಾಡಿ, ಹಾಡಿಲ್ಲ ಅಂದ್ರೆ ಆಗ್ತೈತಾ? ಇಲ್ಲಿದ್ದದ್ದನ್ನ ಕಿತ್ತು ಅದಕ್ಕೆ ಹಾಕ್ದೆ."

"ಮತ್ತೆ ಫ್ಯಾನು ಸತ್ತೈತೆ ಅಂದ್ಯಲ್ಲೋ."

"ಅದು ನಿಂತೈತೆ ಅಂತ ನಂಗೆ ದಾರೀಲಿ ಗೊತ್ತೇ ಆಗ್ಲಿಲ್ಲ. ನಾನು ಕಿಟಕಿ ತಕ್ಕಂಡಿದ್ದೆ. ಹಿಂದೆ ಮದುಮಗಳು ಹೊಳಲ್ಕೆರೆ ಮುಟ್ಟೋತನಕ ಕಣ್ಣು ಮುಖ ಒರೆಸ್ಕಂತಾನೇ ಇದ್ಲು. ಪಾಪ, ತವರು ಬಿಟ್ಟು ಬರೋ ಸಂಕಟ ಅಂತ ನಾನೂ ಎರಡು ಹನಿ ಕಣ್ಣೀರು ಹಾಕ್ದೆ. ಇಳಿದ ಮೇಲೆ ನೋಡಿದ್ರೆ ಮೇಸ್ತ್ರಿ, ಅದು ಬೆವರು."

ಹೊಡೆಯಬಾರದು

ನನಗೆ ಕೆಲಸ ಕಲಿಸಿದ್ದು ಚಿತ್ರದುರ್ಗದ ಒಬ್ಬ ಉಸ್ತಾದರು. ಈಗ ಅವರಿಲ್ಲ. "ಗಾಡಿಗೆ ಹೊಡೀಬ್ಯಾಡ ಬೇಟಾ. ಹೊಡೆದು ನಡೆಸೋಕೆ ಅದೇನು ಕುರೀನಾ?" ಅಂತಿದ್ರು. ಅವರ ನೆನಪಿಗೆ ಅಂತ ನನ್ನ ಅಂಗಡಿ ಗೋಡೆ ಮೇಲೆ 'ಗಾಡಿಗೆ ಹೊಡೆಯಬಾರದು' ಅಂತ ಬಣ್ಣದಲ್ಲಿ ಬರೆಸಿದ್ದೀನಿ.

ಬಿ.ದುರ್ಗದ ಕಡೆಯಿಂದ ಒಬ್ಬ ಹಿರಿಯರು ಬಂದ್ರು. ಕುರಿ ಸಾಕೋ ಮನೆಯೋರು, ಹೆಗಲ ಮೇಲೆ ಕಂಬಳಿ. ಫ್ಯಾನು ಮುಲುಗಿ ಮುಲುಗಿ ನಿಂತುಬಿಡ್ತದೆ ಅಂದ್ರು. ನಿಂತಾಗ ಏನು ಮಾಡ್ತೀನಿ ಅಂತ ತೋರಿಸೋಕೆ ಡ್ಯಾಶ್‌ಬೋರ್ಡಿಗೆ ಅಂಗೈಯಲ್ಲಿ ಎರಡು ಬಾರಿಸಿದ್ರು. ನಾನು ಗೋಡೆ ತೋರಿಸಿ ಉಸ್ತಾದರ ಮಾತು ಹೇಳ್ದೆ. ಅವರು ಗೋಡೆ ಓದಿ ಕೈ ಹಿಂದಕ್ಕೆ ತಗೊಂಡ್ರು.

ಫ್ಯಾನು ಬಿಚ್ಚಿದ್ರೆ ಅದರ ಸುತ್ತ ಒಂದು ಹಿಡಿ ಉಣ್ಣೆ ಸುತ್ತಿಕೊಂಡಿತ್ತು. ಸಂತೆಗೆ ಹೋಗುವಾಗ ಎರಡು ಮರಿಗಳನ್ನ ಮುಂದೆ ಕಾಲ ಬುಡದಲ್ಲೇ ಕೂರಿಸಿಕೊಂಡು ಹೋಗಿದ್ರಂತೆ, ಫ್ಯಾನು ಅವುಗಳ ಕೂದಲು ಎಳಕೊಂಡಿತ್ತು. ಕ್ಲೀನ್ ಮಾಡಿ ಹಾಕ್ದೆ, ಚೆನ್ನಾಗಿ ತಿರುಗ್ತು.

ಹೊರಡುವಾಗ ಹಿರಿಯರು ಗೋಡೆ ಕಡೆ ಇನ್ನೊಂದು ಸಲ ನೋಡಿದ್ರು. "ಮೇಸ್ತ್ರಿ, ನಾವು ಕುರಿಗೆ ಹೊಡೆಯಲ್ಲ. ಕರೀತೀವಿ, ಅವು ಬರ್ತವೆ. ಈ ಗಾಡೀನೂ ಮೂರು ಸಲ ಕರೆದೆ. ಬರ್ಲಿಲ್ಲ, ಅದಕ್ಕೆ ಹೊಡೆದೆ."

ನಾಲ್ಕನೇ ನಂಬರು

ಹೊಳಲ್ಕೆರೆಯಿಂದ ನಿವೃತ್ತ ಮೇಷ್ಟ್ರು, ಪಕ್ಕದಲ್ಲಿ ಅವರ ಮನೆಯೋರು. ಸ್ವಿಚ್ಚನ್ನ ಒಂದು, ಎರಡು, ಮೂರಕ್ಕೆ ಇಟ್ರೆ ಫ್ಯಾನು ಅಲ್ಲಾಡೋದಿಲ್ಲ. ನಾಲ್ಕಕ್ಕೆ ಇಟ್ರೆ ಬಿರುಗಾಳಿ. ಆ ಅಮ್ಮ ಸೆರಗನ್ನ ಎರಡೂ ಕೈಲಿ ಹಿಡಕೊಂಡು ಕೂತಿದ್ರು. ವೇಗ ಕಡಿಮೆ ಮಾಡೋಕೆ ರೆಸಿಸ್ಟರ್ ಅಂತ ಒಂದು ಪುಟ್ಟ ಪಾರ್ಟು ಇರ್ತದೆ, ಅದು ಸುಟ್ಟಿತ್ತು. ನಾನು ವಿವರಿಸಿದೆ: "ಇದು ಹೋದ್ರೆ ಹಿಂಗೇ ಅಮ್ಮ. ತಿರುಗಿದ್ರೆ ಪೂರ್ತಿ, ಇಲ್ಲಾಂದ್ರೆ ಇಲ್ಲವೇ ಇಲ್ಲ."

ಆ ಅಮ್ಮ ಮೇಷ್ಟ್ರ ಕಡೆ ಒಂದು ಸಲ ನೋಡಿ, "ಆ ಪಾರ್ಟು ಎರಡು ಸಿಗ್ತವಾ ಮೇಸ್ತ್ರಿ? ನಮ್ಮ ಮನೇಲಿ ಇನ್ನೊಬ್ರು ದಿನವೆಲ್ಲ ಮಾತೇ ಆಡಲ್ಲ, ಆಡಿದ್ರೆ ನಾಲ್ಕನೇ ನಂಬರು" ಅಂದ್ರು.

ಇಬ್ಬರೂ ಜಗಳ ಆಡ್ತಾನೇ ಹೋದ್ರು. ನನಗೆ ಹೊಟ್ಟೆ ಉರೀತು. ಜಗಳ ಆಡೋಕಾದ್ರೂ ಪಕ್ಕದ ಸೀಟಿನಲ್ಲಿ ಒಬ್ರು ಬೇಕಲ್ಲ ಅನ್ನಿಸ್ತು.

ನಮ್ಮ ಮನೆ ಕಾರು

ಈಗ ನನ್ನ ಮರ್ಯಾದೆ ಹೋದ ಕತೆ. ಅಂಗಡಿಗೆ ನಾನು ಬೈಕಿನಲ್ಲೇ ಹೋಗೋದು. ಕಾರು ಹೊರಗೆ ತೆಗೆಯೋದು ಹೆಂಡತಿ ಜೊತೆ ಎಲ್ಲಿಗಾದ್ರೂ ಹೋಗುವಾಗ ಮಾತ್ರ. ಅವಳು ಹಿರಿಯೂರಿಗೆ ಹೋದ ವಾರಕ್ಕೆ ಒಬ್ಬನೇ ತೆಗೆದೆ. ಫ್ಯಾನು ತಿರುಗಲಿಲ್ಲ. ಫೋನಿನಲ್ಲಿ ಹೇಳಿದ್ರೆ ಅವಳಿಗೆ ನಗು ತಡೆಯೋಕಾಗಲಿಲ್ಲ.

"ನಾನು ಬಂದ್ರೆ ತಿರುಗ್ತೈತೆ ಬಿಡ್ರಿ."

"ಬಂದು ಏನು ಮಂತ್ರ ಹಾಕ್ತೀಯಾ?"

"ಹೂಂ, ಹಾಕ್ತೀನಿ."

ಇಪ್ಪತ್ತೆಂಟು ವರ್ಷದ ಮೇಸ್ತ್ರಿಗೆ ಇಂಥ ಮಾತು ಚುಚ್ಚದೆ ಇರ್ತದಾ. ತಿಂಗಳಾದ ಮೇಲೆ ಅವಳೇ ಫೋನು ಮಾಡಿ, "ಅಮ್ಮನ್ನ ಕಾರಲ್ಲಿ ಕರ್ಕಂಡು ಹೋಗಬಹುದು ಅಂದ್ರು ಡಾಕ್ಟ್ರು. ಇಬ್ರೂ ಬರ್ತೀವಿ, ಯಾವಾಗ ಬರ್ತೀರಿ?" ಅಂದ್ಲು. ಆವತ್ತೇ ಹೊರಡೋಣ ಅಂತ ಜೀವ ಹಾರ್ತಿತ್ತು. ಬಾಯಿ ಮಾತ್ರ, "ಫ್ಯಾನು ಸರಿ ಮಾಡ್ಕಂಡು ಭಾನುವಾರ ಬರ್ತೀನಿ" ಅಂತು.

ಎರಡು ಭಾನುವಾರ ಹೋದವು. ಅಂಗಡಿ ಮುಂದೆ ಕಾರು ನಿಲ್ಲಿಸಿ, ಎಡಗಡೆ ಬಾಗಿಲು ತೆಗೆದು, ಮಂಡಿಯೂರಿ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸ್ತಿದ್ದೆ. ಜಾಗ ಇಕ್ಕಟ್ಟು, ಪ್ರತಿ ಸಲ ತಲೆಗೊಂದು ಏಟು. ನೋಡಿದ್ರೆ ಫ್ಯಾನು ತಾನಾಗೇ ತಿರುಗ್ತಿರ್ತದೆ! ಖುಷಿಯಾಗಿ ಹೊರಟ್ರೆ ಬಸ್‌ಸ್ಟ್ಯಾಂಡ್ ಹತ್ರ ಹೋಗೋದ್ರೊಳಗೆ ನಿಲ್ತದೆ. ಫ್ಯೂಸು ಬದಲಾಯಿಸಿದೆ. ಸ್ವಿಚ್ಚು, ರೆಸಿಸ್ಟರ್, ವೈರು, ಎಲ್ಲಾ ಬದಲಾಯಿಸಿದೆ. ಮೋಟ್ರು ಕಣ್ಣೆದುರಿಗೇ ತಿರುಗ್ತಿತ್ತಲ್ಲ, ಅದನ್ನ ಮಾತ್ರ ಬಿಚ್ಚಲಿಲ್ಲ. ಅಂಗಡೀಲಿ ತಿರುಗ್ತೈತೆ, ರಸ್ತೇಲಿ ನಿಲ್ತೈತೆ. ಪಕ್ಕದ ಪಂಚರ್ ಅಂಗಡಿಯೋನು, "ಯಾರಾದ್ರೂ ಒಳ್ಳೆ ಮೇಸ್ತ್ರಿಗೆ ತೋರಿಸ್ರಿ ಅಣ್ಣ" ಅಂತ ಬುದ್ಧಿ ಹೇಳ್ದ.

ಮೂರನೇ ಭಾನುವಾರ ಬೆಳಿಗ್ಗೆ ಅವಳ ಫೋನು. "ಫ್ಯಾನು ಬೇಕಾ, ನಾನು ಬೇಕಾ? ಒಂದು ಹೇಳ್ರಿ."

ಕಿಟಕಿ ಇಳಿಸಿಕೊಂಡು ಹೊರಟೆ. ಮಾರಿಕಣಿವೆ ದಾಟೋ ಹೊತ್ತಿಗೆ ಒಣಗಿದ ಮೆಣಸಿನಕಾಯಿ ಆಗಿದ್ದೆ. ಹಿರಿಯೂರಿನಲ್ಲಿ ಅತ್ತೆಯನ್ನ ಹಿಂದಿನ ಸೀಟಿನಲ್ಲಿ ಕಾಲು ಚಾಚಿಸಿ ಕೂರಿಸಿದ್ವಿ. ಊರು ದಾಟ್ತಿದ್ದಂಗೆ ಅವರು, "ಅಳಿಯಂದ್ರೇ, ಇದರಾಗೆ ಗಾಳಿ ಬರಲ್ವಾ?" ಅಂದ್ರು.

"ಪಾರ್ಟು ಇನ್ನೂ ಬಂದಿಲ್ಲ ಅತ್ತೆ" ಅಂದೆ. ಗಿರಾಕಿಗಳಿಗೆ ದಿನಾ ಹೇಳೋ ಸುಳ್ಳನ್ನ ಮನೆಯೋರಿಗೆ ಹೇಳಿದ್ದು ಅದೇ ಮೊದಲು.

ಪಕ್ಕದಲ್ಲಿದ್ದ ನನ್ನ ಹೆಂಡತಿ ಫ್ಯಾನಿನ ಸ್ವಿಚ್ಚು ಹಾಕಿದ್ಲು. ಕಾಲಿನ ಚಪ್ಪಲಿ ಕಳಚಿದ್ಲು. ಅಮ್ಮನ ಜೊತೆ ಮಾತಾಡ್ತಾನೇ, ಆ ಕಡೆ ನೋಡದೆ, ಹಿಮ್ಮಡಿಯಿಂದ ಡ್ಯಾಶ್‌ಬೋರ್ಡಿನ ಕೆಳಗೆ ಧಡ್ ಅಂತ ಒಂದು ಒದ್ಲು. ಭರ್ರ್ ಅಂತ ಗಾಳಿ ಬಂತು.

ನಾನು ಕಾರು ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಆಗ ತಲೆಗೆ ಹೊಳೀತು. ಮೋಟ್ರಿನ ಒಳಗೆ ಕರೆಂಟು ಮುಟ್ಟಿಸೋ ಬ್ರಶ್ಶು ಸವೆದಿತ್ತು. ಒಂದು ಏಟು ಬಿದ್ರೆ ಅಂಟಿಕೊಂಡು ಸ್ವಲ್ಪ ಹೊತ್ತು ತಿರುಗ್ತದೆ. ಅಂಗಡೀಲಿ ಆ ಏಟು ಕೊಡ್ತಿದ್ದದ್ದು ನನ್ನದೇ ತಲೆ.

"ಯಾವತ್ತಿಂದ ಒದೀತಿದ್ದೀಯಾ?"

"ಎರಡು ವರ್ಷ ಆಯ್ತು. ಸದ್ದಾದ್ರೆ ನೀವು ರಸ್ತೆ ಗುಂಡಿ ಅಂದ್ಕಂತಿದ್ರಿ. ಮನೆ ಗಾಡಿಗೂ ಒಂದ್ಸಲ ಕೈ ಹಾಕ್ರಿ ಅಂತ ಹೇಳಿ ಹೇಳಿ ಸಾಕಾಯ್ತು. ಅದಕ್ಕೆ ನಾನೇ ಕಾಲು ಹಾಕ್ದೆ."

"ಗಾಡಿಗೆ ಹೊಡೀಬಾರದು ಅಂತ ಉಸ್ತಾದರು ಹೇಳಿಲ್ವಾ?"

"ಹೊಡೀಬ್ಯಾಡ ಅಂದಿದ್ರು. ಒದೀಬ್ಯಾಡ ಅಂದಿದ್ರಾ?"

"ನಾಳೇನೇ ಬ್ರಶ್ಶು ಬದಲಾಯಿಸ್ತೀನಿ" ಅಂದೆ.

"ಬ್ಯಾಡ ಬಿಡ್ರಿ." ಅವಳು ಕಿಟಕಿ ಕಡೆ ತಿರುಗಿದ್ಲು. ದನಿ ಸಣ್ಣಗಾಗಿತ್ತು. "ಈ ಫ್ಯಾನು ನೆಟ್ಟಗಿದ್ದಿದ್ರೆ, ನಾನು ಮನೇಲಿಲ್ಲ ಅಂತ ನಿಮಗೆ ಗೊತ್ತೇ ಆಗ್ತಿರಲಿಲ್ಲ."

ಆ ಮಾತು ಎದೆಗೆ ತಾಗ್ತು. ನಲವತ್ತೈದು ದಿನ ಅಂಗಡಿ ಸುದ್ದಿ ಹೇಳಿದ್ನೇ ಹೊರತು ಹೇಳಬೇಕಾದ್ದನ್ನ ಹೇಳಿರಲಿಲ್ಲ. "ಗೊತ್ತಾಗಿತ್ತು ಕಣೆ" ಅಂದೆ. "ದಿನಾ ಗೊತ್ತಾಗಿತ್ತು. ಸಾರು ಬಾಯಿಗಿಟ್ಟಾಗಲೆಲ್ಲ ಗೊತ್ತಾಗಿತ್ತು. ನೀನಿಲ್ಲದೆ ಆ ಮನೇಲಿ ನನ್ನ ಕೈಲಿ ಇರೋಕಾಗಲ್ಲ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡ್ಲು. ಇದು ಬೆವರಲ್ಲ ಅಂತ ನನಗೆ ಗೊತ್ತಿತ್ತು.

ಹಿಂದಿನಿಂದ ಅತ್ತೆ ಕೆಮ್ಮಿದ್ರು.

"ಅಳಿಯಂದ್ರೇ, ಮಿಕ್ಕಿದ್ದು ಮನೆಗೆ ಹೋಗಿ ಹೇಳ್ರಿ. ಫ್ಯಾನು ಆಗಲೇ ನಿಂತೋಯ್ತು. ಇನ್ನೊಂದು ಒದಿಯೇ, ಮಗಳೇ."