ಬಿಳಿ ಪುಟದ ಮೇಲೆ ಬಿಳಿ ಅಕ್ಷರ

ಹೆಂಡತಿಯ ಕಿಟಕಿ ಪರದೆಗಳ ಅಂಗಡಿಯನ್ನು ಕಂಪ್ಯೂಟರ್ ಪರದೆಯ ಮೇಲೆ ಜಗಮಗಿಸಿಯೇ ತೀರುತ್ತೇನೆಂದು ಊಟದ ಮೇಜು ಗುದ್ದಿ ಪಣ ತೊಟ್ಟೆ! ಅವಳ ವೆಬ್‌ಸೈಟ್ ಮಹಾ ಸಪ್ಪೆ. ಮೇಲೆ ಫೋನ್ ನಂಬರಿದ್ದ ಅಂಗಡಿ ಬೋರ್ಡಿನ ಫೋಟೋ, ಕೆಳಗೆ ಪರದೆಗಳ ಫೋಟೋ, ಬಿಳಿ ಹಿನ್ನೆಲೆಗೆ ಕಪ್ಪಕ್ಷರ.

"ಅಷ್ಟೂ ಪುಟಾನ ಒಂದೊಂದಾಗಿ ತಿದ್ತೀರಾ?" ಎಂದಳು.

"ಛೆ! ಸ್ಟೈಲ್ ಶೀಟ್ ಅಂತ ಒಂದೇ ಒಂದು ಫೈಲ್ ಕಣೇ. ಬಣ್ಣ, ಅಕ್ಷರದ ಗಾತ್ರ ಎಲ್ಲಾ ಅದರಲ್ಲಿ ಬರೆದ್ರೆ ಸಾಕು. ನಾನು ಅಪ್ಪಣೆ ಕೊಟ್ರೆ ಎಲ್ಲಾ ಪುಟಾನೂ ಒಟ್ಟಿಗೆ ಬಟ್ಟೆ ಬದಲಾಯಿಸುತ್ವೆ!"

"ಅಂತೂ ನಿಮ್ಮ ಅಪ್ಪಣೆ ಕೇಳೋರು ಸಿಕ್ಕಿದ್ರಲ್ಲ! ಹುಷಾರು, ಇವತ್ತು ಹೋಟೆಲ್ ಮ್ಯಾನೇಜರ್ ನಮ್ಮ ಸೈಟ್ ನೋಡ್ತಾರೆ. ಅಲ್ಲಿನ ಅಷ್ಟೂ ಕಿಟಕಿಗೆ ಪರದೆ ಬೇಕಂತೆ."

ಚಕ್ರವರ್ತಿಯ ಗತ್ತಿನಲ್ಲಿ ಶಾಸನ ಬರೆದೆ: ಅಕ್ಷರ ಬಿಳಿ, ಹಿನ್ನೆಲೆ ನೀಲಿ! ಪ್ರತಿ ಪರದೆಯ ಕೆಳಗೂ ಅದರ ಗುಣಗಾನವನ್ನು ನಾನೇ ರಚಿಸಿ ಸುರಿದೆ. ಎಲ್ಲವನ್ನೂ ಸೈಟಿಗೆ ಏರಿಸಿ, ಒಮ್ಮೆಯೂ ತೆರೆದು ನೋಡದೆ, ಮೀಸೆ ತಿರುವುತ್ತಾ ಸ್ನಾನಕ್ಕೆ ಹೋದೆ.

ತಲೆಗೆ ಸೋಪು ಹಚ್ಚಿದ್ದೆನಷ್ಟೆ, ಬಾಗಿಲು ದಬದಬ!

"ರೀ! ಸೈಟಲ್ಲಿ ಒಂದಕ್ಷರ ಇಲ್ಲ! ಬರೀ ಫೋಟೋ! ಯಾವ ಪುಟ ತೆಗೆದ್ರೂ ಹಾಗೇ!"

ಟವೆಲಿನಲ್ಲೇ ಓಡಿದೆ. ಕಣ್ಣಲ್ಲಿ ಸೋಪು. ನೋಡಿದರೆ, ನೀಲಿಯ ಇಂಗ್ಲಿಷ್ ಸ್ಪೆಲ್ಲಿಂಗ್ ತಪ್ಪು! ಕಂಪ್ಯೂಟರು ಅರ್ಥವಾಗದ ಆ ಸಾಲನ್ನು ಪಕ್ಕಕ್ಕಿಟ್ಟು, ಬಿಳಿ ಅಕ್ಷರದ ಅಪ್ಪಣೆಯನ್ನಷ್ಟೇ ತಲೆಬಾಗಿ ಪಾಲಿಸಿತ್ತು. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ! ಓದುವವರು ಯಾರು?

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ ಸ್ಪೀಕರ್ ಒತ್ತಿದಳು. ಹೋಟೆಲ್ ಮ್ಯಾನೇಜರ್!

"ಎಂಥಾ ಸೈಟ್ ಮೇಡಂ ನಿಮ್ದು! ಬೇರೆಯವ್ರು ಬರೆದೂ ಬರೆದೂ ತಲೆ ತಿಂತಾರೆ. ನಿಮ್ಮಲ್ಲಿ ಮಾತೇ ಇಲ್ಲ, ಪರದೇನೇ ಮಾತಾಡುತ್ತೆ! ಆರ್ಡರ್ ನಿಮಗೇ, ಎಲ್ಲಾ ಕಿಟಕಿಗೂ! ಯಾರು ಮಾಡಿದ್ದು ಇದನ್ನ?"

"ನಮ್ಮ ಯಜಮಾನ್ರೇ!" ಎಂದಳು. ಆಹಾ, ಆ ದನಿಯಲ್ಲಿ ಎಂಥ ಹೆಮ್ಮೆ! ಮದುವೆಯಾದಾಗಿನಿಂದ ನಾನು ಕೇಳಿರದ ದನಿ!

ಗೆದ್ದೆ! ಆದರೆ ಕೈ ಸುಮ್ಮನಿರಬೇಕಲ್ಲ? ತಪ್ಪಿಗೇ ಇಷ್ಟು ಮರುಳಾದವರು ನನ್ನ ನಿಜವಾದ ಕಲೆ ಕಂಡರೆ ಮೂರ್ಛೆ ಹೋದಾರೆಂದು, ಅವರು ಫೋನಿನಲ್ಲಿರುವಾಗಲೇ ಸ್ಪೆಲ್ಲಿಂಗ್ ತಿದ್ದಿ ಏರಿಸಿದೆ.

"ಈಗ ಇನ್ನೊಂದ್ಸಲ ತೆಗೆದು ನೋಡಿ ಸಾರ್!" ಎಂದು ಕೂಗಿದೆ.

ಅತ್ತ ಮೌಸ್ ಒತ್ತಿದ ಸದ್ದು. ಆಮೇಲೆ ಗಾಬರಿ.

"ಅಯ್ಯೋ ಮೇಡಂ! ಯಾರೋ ಕಿಡಿಗೇಡಿ ನಿಮ್ಮ ಸೈಟ್ ಒಳಗೆ ನುಗ್ಗಿದಾನೆ! ನೀಲಿ ಬಳಿದು ಏನೇನೋ ಗೀಚಿದಾನೆ! ಬೇಗ ನಿಮ್ಮ ಯಜಮಾನ್ರನ್ನ ಕರೀರಿ, ಅವರೊಬ್ರೇ ಇದನ್ನ ಉಳಿಸೋಕೆ ಸಾಧ್ಯ!"