ಬಾಳೆಹಣ್ಣು ಬಿಟ್ಟ ಅಜ್ಜಿ

ಬಟವಾಡಿಯ ಒಂದು ಆಸ್ಪತ್ರೆಯಲ್ಲಿ ಕೂತು, ಕಾಯಿಲೆಯವರು ಏನು ತಿನ್ನಬೇಕೆಂದು ಹೇಳುವುದು ನನ್ನ ಕೆಲಸ. ಭೇದಿಯಾಗಿ ಬಂದವರ ಮುಂದೆ ನಗಬಾರದು, ಅದರಲ್ಲೂ ಬಾಡಿದ ಮಗುವನ್ನು ಎತ್ತಿಕೊಂಡು ಬಂದವರ ಮುಂದೆ. ಆದರೆ ನಗು ಬರಿಸುವವರೂ ಅವರೇ, ಏನು ಮಾಡಲಿ?

ಹಾಜರಿ

ಕುಣಿಗಲ್ ಕಡೆಯ ನಿವೃತ್ತ ಮೇಷ್ಟ್ರೊಬ್ಬರಿಗೆ ಹೊಟ್ಟೆ ಕೆಟ್ಟಿತ್ತು. ಬೇಯಿಸಿದ ಬಾಳೆಕಾಯಿಯ ನಾರಿನಂಥ ಕೆಲವು ಪದಾರ್ಥಗಳು ಕರುಳಿನಲ್ಲಿ ರೋಗಾಣು ಬಿಟ್ಟ ವಿಷಕ್ಕೆ ಅಂಟಿಕೊಂಡು ಅದನ್ನು ಹೊರಗೆ ಸಾಗಿಸಲು ನೆರವಾಗುತ್ತವೆ ಎಂದು ವಿವರಿಸಿದೆ. ಶ್ರದ್ಧೆಯಿಂದ ಕೇಳಿಸಿಕೊಂಡರು. ಮಾರನೆಯ ದಿನ ಒಂದು ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೇನಿತ್ತೆಂದು ಹೇಳಬೇಕಾಗಿಲ್ಲ. ಲ್ಯಾಬಿಗೆ ಕೊಡಿ ಎಂದು ಮೂಗು ಮುಚ್ಚಿಕೊಂಡೆ. ಮೇಷ್ಟ್ರು ಅಲುಗಲಿಲ್ಲ.

"ಎಲ್ರೂ ಹೊರಗ್ ಬಂದವ್ರಾ, ಯಾರಾದ್ರೂ ಒಳಗೇ ಉಳ್ಕಂಡವ್ರಾ, ಒಂದ್ಸಲ ನೋಡಿ ಹೇಳಮ್ಮ."

ಹರಕೆ

ಕಡಬದಿಂದ ಬಂದ ಮಗುವಿನ ವಿಷಯದಲ್ಲಿ ಮಾತ್ರ ನನಗೆ ನಗು ಬರಲಿಲ್ಲ. ಇನ್ನೂ ವರ್ಷ ತುಂಬದ ಗಂಡುಮಗು, ಭೇದಿ ನಿಲ್ಲದೆ ಕಣ್ಣು ಗುಳಿ ಬಿದ್ದಿದ್ದವು. ಡಾಕ್ಟರು ಔಷಧಿ, ಓಆರ್‌ಎಸ್ ಬರೆದುಕೊಟ್ಟರು. ಎದೆಹಾಲು ನಿಲ್ಲಿಸಬೇಡಿ, ವಿಷ ಹಿಡಿಯುವ ಗುಣ ಅದರಲ್ಲೂ ಇದೆ, ಜೊತೆಗೆ ಬಾಳೆಕಾಯಿ ಬೇಯಿಸಿ ಹಿಸುಕಿ ಗಂಜಿಯಲ್ಲಿ ಕಲಸಿ ತಿನ್ನಿಸಿ ಎಂದು ನಾನು ಹೇಳಿದೆ. ತಾಯಿ ತಲೆಯಾಡಿಸಿದಳು. ಅಜ್ಜಿ ಇನ್ನೂ ಜೋರಾಗಿ ತಲೆಯಾಡಿಸಿದರು.

ಕೆಲವೇ ದಿನಕ್ಕೆ ಮಗು ಇನ್ನಷ್ಟು ಸೊರಗಿ ವಾಪಸ್ ಬಂತು. ಡ್ರಿಪ್ ಹಾಕಿ ಮಲಗಿಸಿದರು. ಬಾಳೆಕಾಯಿ ಕೊಟ್ಟಿರಾ ಎಂದು ನಾನು ಗದರಿದೆ. ಸೊಸೆ ಅತ್ತೆಯ ಮುಖ ನೋಡಿದಳು. ಮೊಮ್ಮಗ ಚೇತರಿಸಿಕೊಳ್ಳುವವರೆಗೆ ತಾವು ಬಾಳೆ ತಿನ್ನುವುದಿಲ್ಲವೆಂದು ಅಜ್ಜಿ ಮನೆದೇವರಿಗೆ ಹರಕೆ ಹೊತ್ತಿದ್ದರಂತೆ. ಎದುರಿಗಿದ್ದರೆ ಕೈ ಹೋದೀತೆಂದು ಹಿತ್ತಲಿನ ಗೊನೆಯನ್ನೂ ಕಡಿಸಿ ಪಕ್ಕದ ಮನೆಗೆ ಸಾಗಿಸಿದ್ದರು, ಹಾಗಾಗಿ ಮಗುವಿಗೂ ಸಿಕ್ಕಿರಲಿಲ್ಲ.

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಸೊಸೆ, ಅತ್ತೆಗೆ ರಾತ್ರಿ ಊಟವಾದ ಮೇಲೆ ಬಾಳೆಹಣ್ಣು ತಿನ್ನದಿದ್ದರೆ ನಿದ್ದೆಯೇ ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದಳು. ತನಗಿದ್ದ ಒಂದೇ ಆಸೆಯನ್ನು ಆ ಅಜ್ಜಿ ಮೊಮ್ಮಗನಿಗೋಸ್ಕರ ಕೊಟ್ಟುಬಿಟ್ಟಿದ್ದರು. ಬೈಯುವುದು ಬಿಟ್ಟು ಅವರ ಪಕ್ಕದಲ್ಲಿ ಕೂತೆ.

"ಬಿಟ್ಟಿರೋದು ನೀವು ಅಜ್ಜಿ, ಮಗು ಅಲ್ವಲ್ಲ," ಎಂದೆ.

ಅಜ್ಜಿ ಮಗುವಿನ ಹೊದಿಕೆ ಸರಿಮಾಡಿದರು. "ಹಂಗಾರೆ ಅವನು ತಿನ್ಲಿ ಬುಡಿ. ನಾನು ಮೂಗಿಗೆ ಬಟ್ಟೆ ಕಟ್ಕಂಡು ಬೇಯಿಸ್ತೀನಿ. ವಾಸ್ನೆ ಕುಡುದ್ರೂ ತಿಂದಂಗೇ ಅಲ್ವಾ."

ಆಸ್ಪತ್ರೆಗೆ ಹತ್ತಿರದ ಸದಾಶಿವನಗರದ ನೆಂಟರ ಮನೆಯಲ್ಲಿ ಹಾಗೇ ಬೇಯಿಸಿ ತಂದರು. ಔಷಧಿ, ಡ್ರಿಪ್ಪು, ತಾಯಿಯ ಹಾಲು, ಬಾಳೆಕಾಯಿ ಎಲ್ಲ ಸೇರಿ ಭೇದಿ ಹಿಡಿತಕ್ಕೆ ಬಂತು. ಒಂದು ಬೆಳಿಗ್ಗೆ ಮಗು ಧಾರಾಕಾರ ಕಣ್ಣೀರು ಸುರಿಸಿ ಅತ್ತಿತು. ಅಷ್ಟು ದಿನ ಒಣಗಿದ್ದ ಕಣ್ಣಲ್ಲಿ ನೀರು ಕಂಡು ನಾವೆಲ್ಲ ಸಂತೋಷಪಟ್ಟೆವು.

ಕೀರ್ತಿ

ಮನೆಗೆ ಹೊರಟಾಗ, ಮಗು ಹೇಗೆ ಉಳಿಯಿತೆಂದು ಅಜ್ಜಿಗೆ ಮತ್ತೊಮ್ಮೆ ವಿವರಿಸಿದೆ. ಪಾಪ, ಏನೋ ಹೇಳುತ್ತಾಳೆ ಎಂಬಂತೆ ನನ್ನ ಗಲ್ಲ ಸವರಿ ಹೋದರು. ಊರಿನಲ್ಲಿ ತಮಗೆ ತಿಳಿದಂತೆ ಸಾರಿದರೆಂದು ಕಾಣುತ್ತದೆ. ಸ್ವಲ್ಪ ದಿನಕ್ಕೆ ಗುಬ್ಬಿಯಿಂದ ಇನ್ನೊಬ್ಬ ಅಜ್ಜಿ ಭೇದಿಯಾದ ಮೊಮ್ಮಗಳನ್ನು ಎತ್ತಿಕೊಂಡು ಬಂದರು. ನಾನು ಬಾಳೆಕಾಯಿ ಎನ್ನುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ಗೊತ್ತು ಮೇಡಂ, ಕಡಬದಮ್ಮ ಎಲ್ಲಾ ಹೇಳವ್ರೆ. ಆದ್ರೆ ನಂಗೆ ಬಾಳೆಹಣ್ಣು ಮೊದ್ಲಿಂದ್ಲೂ ಸೇರಾಕಿಲ್ಲ, ಬುಟ್ರೆ ದೇವ್ರು ಒಪ್ಪಲ್ಲ. ಎಲೆ ಅಡಿಕೆ ಬುಡಕ್ಕೆ ನನ್ ಕೈಲಾಗಲ್ಲ. ಇವೆರಡು ಬುಟ್ಟು, ಬುಡೋವಂತದ್ದು ಬೇರೆ ಏನಾದ್ರೂ ಬರ್ಕೊಡಿ."