ಮಾಟಗಾತಿ ಅಜ್ಜಿಯ ಹಲಸಿನ ಮರ

ಮಾಟ ಮಂತ್ರ ನಂಬ್ತೀರಾ ಅಂತ ನಮ್ಮ ತೂಬಗೆರೆ ಕಡೆ ಯಾರನ್ನೇ ಕೇಳಿ. “ಅಯ್ಯೋ, ಯಾವ ಕಾಲದಲ್ಲಿದ್ದೀರಾ ಸಾರ್” ಅಂತ ನಕ್ಕುಬಿಡುತ್ತಾರೆ. ನಗುತ್ತಲೇ, ದಾರಿಯಲ್ಲಿ ಬಿದ್ದ ನಿಂಬೆಹಣ್ಣನ್ನು ದಾಟದೆ ಸುತ್ತಿಕೊಂಡು ಹೋಗುತ್ತಾರೆ. ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನನಗೆ ಇಂಥ ನಂಬದವರು ದಿನಾ ಒಬ್ಬರಾದರೂ ಸಿಗುತ್ತಾರೆ.

ಸ್ಟಾಫ್ ರೂಮಿನ ಬಾಗಿಲಲ್ಲಿ

ಒಂದು ಅಮಾವಾಸ್ಯೆಯ ಮಾರನೇ ದಿನ ನಾನು ಶಾಲೆಗೆ ಹೋದರೆ ಮೇಷ್ಟ್ರುಗಳೆಲ್ಲ ಹೊರಗೇ ನಿಂತಿದ್ದರು. ಸ್ಟಾಫ್ ರೂಮಿನ ಹೊಸಿಲ ಮೇಲೆ ಕುಂಕುಮ ಮೆತ್ತಿದ ಅರ್ಧ ನಿಂಬೆಹಣ್ಣು.

“ನಾನು ಇದನ್ನೆಲ್ಲ ನಂಬಲ್ಲ,” ಅಂದರು ಹೆಡ್ ಮೇಷ್ಟ್ರು. “ಆದ್ರೆ ವಿಜ್ಞಾನದವರು ನೀವು, ನೀವೇ ತೆಗೆದ್ರೆ ಚೆಂದ.”

“ನಾನೂ ನಂಬಲ್ಲ,” ಅಂದರು ಗಣಿತದ ಮೇಷ್ಟ್ರು. “ಆದ್ರೆ ನನ್ ಮಕ್ಳು ಇನ್ನೂ ಚಿಕ್ಕವು.”

ನಾನು ಕೈಯಲ್ಲಿ ಎತ್ತಿ ಬಿಸಾಕಿದೆ. ಎಲ್ಲರೂ ಶಹಬ್ಬಾಸ್ ಅಂದರು. ಅವತ್ತು ಮಧ್ಯಾಹ್ನ ಊಟಕ್ಕೆ ಮಾತ್ರ ನನ್ನ ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಟೈರು ಮತ್ತು ಚಟ್ನಿ

ಶಾಲೆಯ ಮುಂದಿನ ರಸ್ತೆಯಲ್ಲಿ ಒಬ್ಬ ಅಜ್ಜಿಯ ಮನೆ. ಒಂಟಿ ಜೀವ. ರಸ್ತೆಗೆ ಬಾಗಿದ ಎರಡು ಹಲಸಿನ ಮರಗಳೇ ಆಕೆಯ ಆಸ್ತಿ. ಅಜ್ಜಿಗೆ ತನ್ನಷ್ಟಕ್ಕೆ ಗೊಣಗುವ ಅಭ್ಯಾಸ. ತೀರಿಹೋದ ಗಂಡನನ್ನು ಬೈಯುತ್ತಾಳೆ, ಅಷ್ಟೇ. ಊರಿನವರು ಅದನ್ನು ಮಂತ್ರ ಅಂದುಕೊಂಡು ಆಕೆಯನ್ನು ಮಾಟಗಾತಿ ಮಾಡಿಬಿಟ್ಟಿದ್ದರು. ಹಣ್ಣು ತಲೆಗೆ ತಾಗುವಷ್ಟು ತಗ್ಗಿನಲ್ಲಿ ಜೋತುಬಿದ್ದರೂ ಯಾರೂ ಮುಟ್ಟುತ್ತಿರಲಿಲ್ಲ.

ಒಂದು ಸಲ ಬೆಂಗಳೂರಿನ ಗೂಡ್ಸ್ ಆಟೋದವನು ಗೊತ್ತಿಲ್ಲದೆ ಒಂದು ಹಣ್ಣು ಕಿತ್ತುಕೊಂಡು ಹೊರಟ. ಊರು ದಾಟುವುದರೊಳಗೆ ಟೈರ್ ಪಂಕ್ಚರ್. ಪಂಕ್ಚರ್ ಅಂಗಡಿಯವನು ಮರದ ಕಥೆ ಹೇಳಿದ. ಆಟೋದವನು ಹಣ್ಣು ಹೊತ್ತುಕೊಂಡು ವಾಪಸ್ ಬಂದು, ಜೊತೆಗೊಂದು ತೆಂಗಿನಕಾಯಿಯನ್ನೂ ಇಟ್ಟು, ಅಜ್ಜಿಯ ಬಾಗಿಲಿಗೆ ಅಡ್ಡಬಿದ್ದು ಹೋದ.

“ಏನ್ ಮಾಡಿದ್ರಿ ಅಜ್ಜಿ?” ಅಂತ ಕೇಳಿದೆ.

“ನಾನೇನ್ ಮಾಡ್ಲಪ್ಪಾ? ಟೈರ್ ಸವೆದಿತ್ತು. ಕಾಯಿ ಚೆನ್ನಾಗಿತ್ತು, ಚಟ್ನಿ ರುಬ್ಬಿದೆ.”

ಖಂಡಿತಾನಾ ಸಾರ್?

ನಗು ಬಂತು ನಿಜ. ಆದರೆ ಅಜ್ಜಿ ಎದುರು ಬಂದರೆ ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುವುದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತಿತ್ತು. ಈ ಕಳಂಕ ತೊಳೆಯಲೇಬೇಕು ಅಂತ ಪೋಷಕರ ಸಭೆಯಲ್ಲಿ ಒಂದು ಪ್ರದರ್ಶನ ಇಟ್ಟೆ. ಅರಿಶಿನದ ಬಟ್ಟೆಗೆ ಸುಣ್ಣದ ತಿಳಿನೀರು ಚಿಮುಕಿಸಿ, ಮಾಟಗಾರರು ತೋರಿಸುವಂಥ ‘ರಕ್ತ’ ಬರಿಸಿದೆ. ಅಂಗೈ ಮೇಲೆ ಕರ್ಪೂರ ಉರಿಸಿದೆ. ಕೊನೆಗೆ, “ಆ ಅಜ್ಜಿಯೂ ನಮ್ಮ ನಿಮ್ಮ ಹಾಗೇ. ಅವರ ಕೈಲಿ ಯಾರಿಗೂ ಏನೂ ಮಾಡಕ್ಕಾಗಲ್ಲ” ಅಂದೆ.

ಹಿಂದಿನಿಂದ ಒಬ್ಬರು ಎದ್ದು ನಿಂತರು. “ಖಂಡಿತಾನಾ ಸಾರ್? ಏನೂ ಆಗಲ್ವಾ?”

“ಖಂಡಿತ.”

ಜನಕ್ಕೆ ಎಷ್ಟು ಕಲಿಯುವ ಆಸೆ ಅಂತ ನನಗೆ ಖುಷಿಯಾಯಿತು. ಮಾರನೇ ದಿನ ನೋಡಿದರೆ ಅಜ್ಜಿಯ ಮರಗಳಲ್ಲಿ ಕೈಗೆಟಕುವ ಒಂದು ಹಲಸೂ ಉಳಿದಿರಲಿಲ್ಲ.

ಹೋದ ಹೆಸರು ಬಂದದ್ದು

ಅಜ್ಜಿ ಪೊರಕೆ ಹಿಡಿದು ಶಾಲೆಗೇ ಬಂದಳು.

“ಏನ್ ಮೇಷ್ಟ್ರೇ, ನನ್ ಮ್ಯಾಲೆ ಏನ್ ಸಿಟ್ಟಿತ್ತು ನಿಮ್ಗೆ? ನಂಗೆ ಗಂಡ ಇಲ್ಲ, ಬೇಲಿ ಇಲ್ಲ, ಕಾವಲಿಗೊಂದು ನಾಯಿ ಇಲ್ಲ. ಇದ್ದಿದ್ದು ಆ ಹೆಸರೊಂದು. ಅದ್ನೂ ಕೆಡಿಸ್ಬಿಟ್ರಲ್ಲ! ವರ್ಷೆಲ್ಲ ಆ ಹಣ್ಣು ಸಂತೇಲಿ ಮಾರಿದ್ ದುಡ್ಡಲ್ಲೇ ನನ್ ಹೊಟ್ಟೆ ತುಂಬೋದು. ಮೇಲಿನ ಕೊಂಬೇಲಿ ಇನ್ನೊಂದಿಷ್ಟು ಐತೆ, ಅದೂ ನಾಳೆಗೆ ಖಾಲಿ.”

ನನಗೆ ಮುಖ ಎತ್ತಲಾಗಲಿಲ್ಲ. “ಮುಳ್ಳುತಂತಿ ಹಾಕಿಸಿಕೊಡ್ತೀನಿ ಅಜ್ಜಿ,” ಅಂದೆ.

“ಮೊದ್ಲು ತಂತಿ ಕದೀತಾರೆ, ಆಮೇಲೆ ಹಣ್ಣು. ನೀವೇ ಕೆಡ್ಸಿದ್ದು, ನೀವೇ ಸರಿ ಮಾಡಿ. ಅಜ್ಜಿ ಮಾಟ ನಿಜ ಅಂತ ಒಂದ್ ಮಾತು ಹೇಳ್ಬಿಡಿ.”

“ವಿಜ್ಞಾನದ ಮೇಷ್ಟ್ರು ನಾನು. ಸುಳ್ಳು ಹೇಳಕ್ಕಾಗಲ್ಲ.”

“ನಿಮ್ ಇಜ್ಞಾನಕ್ಕಿಷ್ಟು ಬೆಂಕಿ ಹಾಕ!” ಅಂತ ಅಜ್ಜಿ ಎಲ್ಲರ ಎದುರಿಗೇ ಪೊರಕೆಯನ್ನು ನೆಲಕ್ಕೆ ಬಡಿದು ಹೋದಳು.

ಅವತ್ತು ಸಂಜೆ ಬೈಕಿನಲ್ಲಿ ಮನೆಗೆ ಹೊರಟೆ. ಹಲಸು ಕದ್ದವರು ಅಲ್ಲೇ ಕೂತು ತಿಂದು ಸಿಪ್ಪೆಯನ್ನೆಲ್ಲ ರಸ್ತೆಗೆ ಎಸೆದಿದ್ದರು. ಅದರ ಮೇಲೆ ಚಕ್ರ ಜಾರಿ, ಸರಿಯಾಗಿ ಅಜ್ಜಿಯ ಮರದ ಬುಡದಲ್ಲೇ ದೊಪ್ಪನೆ ಬಿದ್ದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡಿದರು. ಎತ್ತುವುದಕ್ಕೆ ಮಾತ್ರ ಯಾರೂ ಬರಲಿಲ್ಲ. ಕೊನೆಗೆ ಅಜ್ಜಿಯೇ ಬಂದು ಎಬ್ಬಿಸಿದಳು. ಕೈ ಮುರಿದಿತ್ತು.

ಮಾರನೇ ಬೆಳಿಗ್ಗೆ ಅಜ್ಜಿಯ ಜಗಲಿಯ ಮೇಲೆ ಹಲಸಿನ ರಾಶಿ. ಒಂದೊಂದಕ್ಕೂ ಒಂದೊಂದು ತೆಂಗಿನಕಾಯಿ. ಕೆಲವರು ಅರ್ಧ ತಿಂದದ್ದನ್ನೂ ತಂದಿಟ್ಟು ತಪ್ಪುಕಾಣಿಕೆ ಸಲ್ಲಿಸಿದ್ದರಂತೆ.

ಈ ಸುದ್ದಿ ತಂದವರು ನನ್ನನ್ನು ನೋಡಲು ಮನೆಗೆ ಬಂದ ಹೆಡ್ ಮೇಷ್ಟ್ರು. “ನಾನು ನಂಬಲ್ಲ, ಆದ್ರೂ ಇರ್ಲಿ” ಅಂತ ನನ್ನ ದಿಂಬಿನ ಕೆಳಗೆ ಒಂದು ನಿಂಬೆಹಣ್ಣು ತುರುಕಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು. “ನಿಜ ಹೇಳಿ ಮೇಷ್ಟ್ರೇ, ಹೇಗೆ ಬಿದ್ರಿ?”

ಸಿಪ್ಪೆ ಮೇಲೆ ಜಾರಿದೆ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಲ್ಲಿ ಅಜ್ಜಿ, ಕೈಯಲ್ಲಿ ಒಂದು ಡಬರಿ ಹಲಸಿನ ತೊಳೆ. ನಮ್ಮ ಮಾತು ಕೇಳಿಸಿ ಅಲ್ಲೇ ನಿಂತುಬಿಟ್ಟಳು. ಆ ಮುಖ ನೋಡಿ ನನ್ನ ವಿಜ್ಞಾನ ಗಂಟಲಲ್ಲೇ ಸಿಕ್ಕಿಕೊಂಡಿತು.

“ಗೊತ್ತಿಲ್ಲ ಸಾರ್,” ಅಂದೆ. “ಯಾರೋ ಎತ್ತಿ ಒಗೆದ ಹಾಗಾಯ್ತು.”

ಹೆಡ್ ಮೇಷ್ಟ್ರು ಹಿಂದೆ ತಿರುಗಿ ಅಜ್ಜಿಯನ್ನು ನೋಡಿದವರೇ ಚಪ್ಪಲಿಯನ್ನು ಮುಂಬಾಗಿಲಲ್ಲೇ ಬಿಟ್ಟು ಹಿತ್ತಲ ಬಾಗಿಲಿಂದ ಹೊರಟುಹೋದರು.

ಅಜ್ಜಿ ಮಂಚದ ಪಕ್ಕ ಕೂತು, ಬೀಜ ಬಿಡಿಸಿ ಒಂದೊಂದೇ ತೊಳೆ ನನ್ನ ಬಾಯಿಗಿಟ್ಟಳು. ಜೇನಿನಂಥ ಹಣ್ಣು. “ತುಂಬಾ ನೋಯ್ತಾ ಐತಾ ನನ್ನಪ್ಪಾ?” ಅಂತ ಪಟ್ಟಿ ಹಾಕಿದ ಕೈ ಸವರಿದಳು. ನನ್ನ ಕಣ್ಣಲ್ಲಿ ನೀರು ಬಂತು.

ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಂದಳು: “ಬರೋ ವರ್ಷ ಹಣ್ಣಿನ ಕಾಲಕ್ಕೆ ಇನ್ನೊಂದು ಭಾಷಣ ಮಾಡ್ಬಿಡಿ ಮೇಷ್ಟ್ರೇ. ಬೀಳೋದು ಮಾತ್ರ ಅಲ್ಲೇ ಬೀಳ್ಬೇಕು, ನಾಕು ಜನ ಇರೋ ಹೊತ್ತಲ್ಲಿ.”